ಏಳು ಸಾವಿರದ ಕಣಿವೆ

ಅದು ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ. ನನಗೆ ಆಗ ಐವತ್ತೆರಡು ವರ್ಷ. ನಿಖರವಾಗಿ ಹೇಳಬೇಕೆಂದರೆ ಐವತ್ತೆರಡು ವರ್ಷ ನಾಲ್ಕು ತಿಂಗಳು. ಆ ವಯಸ್ಸಿನಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಮಂಡಿನೋವೋ ಬೆಳಗಿನ ನಡಿಗೆಯೋ ಅಂಟಿಕೊಳ್ಳುತ್ತದೆ. ನನಗೆ ಕಂಪ್ಯೂಟರಿಗೆ ಹೆಚ್ಚು ಅಂಕ ಕೊಡಿಸುವ ಗೀಳು ಅಂಟಿಕೊಂಡಿತು.

ಇಪ್ಪತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಶಾಲೆಯವರು ಕನ್ನಡ ಮಾಧ್ಯಮದ ವಿಭಾಗವನ್ನೇ ಮುಚ್ಚಿದ ಮೇಲೆ, ಬೆಂಗಳೂರಿನ ಹೂಡಿಯ ಬಾಡಿಗೆ ಮನೆಯ ಎರಡನೆಯ ಮಹಡಿಯಲ್ಲಿ ಕುಳಿತು ಯಂತ್ರಗಳ ಕೈಪಿಡಿಗಳನ್ನೂ ತಂತ್ರಾಂಶಗಳ ಸೂಚನೆಗಳನ್ನೂ ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೆ. ಆ ಅಕ್ಟೋಬರಿನಲ್ಲಿ ನನ್ನ ಪಾಲಿಗೆ ಬಂದದ್ದು, ಕಂಪ್ಯೂಟರಿನ ಚಿತ್ರ ಬಿಡಿಸುವ ಶಕ್ತಿಯನ್ನು ಅಳೆದು ಅಂಕ ಕೊಡುವ ಒಂದು ತಂತ್ರಾಂಶದ ಸೂಚನೆಗಳು. ಕಣ್ಣಾರೆ ಕಾಣದ್ದನ್ನು ಬರೆಯಬಾರದೆಂಬುದು ನನ್ನ ನಿಯಮ. ಹಾಗಾಗಿ ಅನುವಾದಕ್ಕೆ ಕೂರುವ ಮೊದಲು ಅದನ್ನು ನನ್ನ ಕಂಪ್ಯೂಟರಿನಲ್ಲೇ ಓಡಿಸಿದೆ.

ಪರದೆಯ ಮೇಲೆ ಒಂದು ಕಣಿವೆ ತೆರೆದುಕೊಂಡಿತು. ಕಣಿವೆಯ ನಡುವೆ ಒಂದು ತೊರೆ, ಇಕ್ಕೆಲಗಳಲ್ಲಿ ಮರಗಳು. ನಮ್ಮ ಕಣ್ಣು ಹದ್ದಿನಂತೆ ಮೇಲಿನಿಂದ ಇಳಿದು, ನೀರಿನ ಮೈಗೆ ಒಂದು ಗೇಣು ಎತ್ತರದಲ್ಲಿ ತೇಲುತ್ತ ಸಾಗುತ್ತದೆ. ಆಗ ಒಂದು ಎಲೆ ಉದುರಿ ನೀರಿಗೆ ಬೀಳುತ್ತದೆ. ಬಿದ್ದೆಡೆಯಿಂದ ಬಳೆಬಳೆಯಾಗಿ ಅಲೆಗಳು ಹರಡುತ್ತವೆ. ಪ್ರತಿಯೊಂದು ಅಲೆಯ ಬೆನ್ನಿನ ಮೇಲೂ ಸೂರ್ಯ ಬಾಗುತ್ತಾನೆ. ಆ ಬಾಗಿದ ಬೆಳಕು ದಡದ ಕಲ್ಲಿನ ಹೊಟ್ಟೆಯ ಮೇಲೆ ಬಿದ್ದು ನಡುಗುತ್ತದೆ. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಇದು ಯಾರೋ ತೆಗೆದ ಚಲನಚಿತ್ರವಲ್ಲವೆಂದು ನನಗೆ ಗೊತ್ತಿತ್ತು. ಸೂಚನೆಯಲ್ಲೇ ಬರೆದಿದ್ದರು: ಈ ನೀರು, ಈ ಎಲೆ, ಈ ನೆರಳು ಎಲ್ಲವನ್ನೂ ನಿಮ್ಮ ಮೇಜಿನ ಕೆಳಗಿರುವ ಪೆಟ್ಟಿಗೆ ಈ ಕ್ಷಣದಲ್ಲಿ ಲೆಕ್ಕ ಹಾಕಿ ಬಿಡಿಸುತ್ತಿದೆ. ಕಾಲ ಬಳಿಯ ಆ ಕಪ್ಪು ಡಬ್ಬಿಯ ಕಡೆಗೆ ಬಗ್ಗಿ ನೋಡಿದೆ. ಅದರ ಮೇಲೆ ನನ್ನ ಹೆಂಡತಿ ಸರಳಾ ಒಣಗಲು ಹಾಕಿದ್ದ ಕಾಲ್ಚೀಲವಿತ್ತು.

ಕಣಿವೆ ಮರೆಯಾಗಿ ಅಂಕ ಬಂತು: ೬,೪೧೨. ಅದರ ಕೆಳಗೆ ಒಂದೇ ಪದದ ಷರಾ. ಅದನ್ನು ಕನ್ನಡಕ್ಕೆ ತರಬೇಕಾದವನು ನಾನೇ. ತಂದದ್ದು: 'ಸಾಧಾರಣ'.

ಈ ಪದವನ್ನು ನನ್ನ ವೃತ್ತಿಜೀವನದಲ್ಲಿ ಎಷ್ಟು ಸಾವಿರ ಪುಸ್ತಕಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೋ. ಬರೆಸಿಕೊಂಡವರ ಹೊಟ್ಟೆಯೊಳಗೆ ಅದು ಹೇಗೆ ಇಳಿಯುತ್ತದೆಂದು ತಿಳಿದದ್ದು ಆ ದಿನ.

ಅಂದೇ ಒಂದು ದಾಖಲೆ ಪುಸ್ತಕ ತೆರೆದೆ. ಅಡ್ಡಗೆರೆ, ಉದ್ದಗೆರೆ, ಕ್ರಮಸಂಖ್ಯೆ, ದಿನಾಂಕ, ಮಾಡಿದ ಬದಲಾವಣೆ, ಅಂಕ, ಷರಾ. ಒಂದು ಪರೀಕ್ಷೆಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಫಲ ಯಾವುದರದ್ದೆಂದು ತಿಳಿಯುವುದಿಲ್ಲ. ಮೊದಲು ಪೆಟ್ಟಿಗೆಯ ಧೂಳು ತೆಗೆದೆ. ಐವತ್ತೆಂಟು ಅಂಕ ಏರಿತು. ಹಿನ್ನೆಲೆಯಲ್ಲಿ ಸುಮ್ಮನೆ ಓಡುತ್ತಿದ್ದ ತಂತ್ರಾಂಶಗಳನ್ನು ನಿಲ್ಲಿಸಿದೆ. ಗಾಳಿ ಹೊರಹೋಗಲೆಂದು ಹಿಂಬದಿಗೆ ಇನ್ನೊಂದು ಫ್ಯಾನು ಹಾಕಿದೆ. ಚಿತ್ರ ಬಿಡಿಸುವ ಕಾರ್ಡಿಗೆ ಹೋಗುವ ವೋಲ್ಟೇಜನ್ನು ಎಳ್ಳಷ್ಟೆಳ್ಳಷ್ಟೇ ಇಳಿಸಿದೆ. ಕಡಿಮೆ ಉಣ್ಣಿಸಿದರೆ ಕಡಿಮೆ ಬಿಸಿಯಾಗಿ ಹೆಚ್ಚು ಓಡುತ್ತದೆಂಬ ಈ ವಿಚಿತ್ರವನ್ನು ನಾನು ಯಾವ ವಿದ್ಯಾರ್ಥಿಯಲ್ಲೂ ಕಂಡಿರಲಿಲ್ಲ. ಪ್ರತಿ ಬದಲಾವಣೆಯ ನಂತರ ಮೂರು ಸಲ ಪರೀಕ್ಷೆ. ಶಾಲೆಯ ಕಿರುಪರೀಕ್ಷೆಗಳ ಪದ್ಧತಿಯಂತೆ ಮೂರರಲ್ಲಿ ಉತ್ತಮವಾದದ್ದನ್ನು ಪುಸ್ತಕಕ್ಕೆ ಏರಿಸುವುದು. ಪ್ರತಿ ಸಲವೂ ಅದೇ ಕಣಿವೆ, ಅದೇ ಎಲೆ. ಪ್ರತಿ ಸಲವೂ ಅದು ನೀರು ಮುಟ್ಟುವಾಗ ನನ್ನ ಉಸಿರು ಒಮ್ಮೆ ನಿಲ್ಲುವುದು.

ಮನೆಯ ಮಾಲೀಕರಾದ ಮುನಿರಾಜಪ್ಪನವರು ಕೆಳಗಿನ ಮಹಡಿಯಲ್ಲಿರುತ್ತಾರೆ. ಈಗ ಮನೆಗಳೆದ್ದಿರುವ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದವರು. ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ನನ್ನನ್ನು ತಡೆದರು.

"ಏನ್ ಮೇಷ್ಟ್ರೇ, ಮ್ಯಾಲೆ ಇಟ್ಟಿನ ಗಿರಣಿ ಇಕ್ಕಿದ್ದೀರಾ? ಗುರ್ರ್ ಅಂತದೆ."

"ಇಲ್ಲ ಯಜಮಾನ್ರೇ. ಕಂಪ್ಯೂಟರಿಗೆ ಪರೀಕ್ಷೆ ನಡೀತಿದೆ."

"ಅದ್ಕೂ ಪರೀಕ್ಸೇನಾ! ಪಾಸಾಯ್ತಾ?"

"ಸಾಧಾರಣ."

"ಅಯ್ಯೋ, ಓಗ್ಲಿ ಬುಡಿ. ನಾನೂ ಇಸ್ಕೂಲ್ನಾಗೆ ಅಂಗೇ ಇದ್ದೆ. ಈಗೇನ್ ಕಮ್ಮಿ ಆಗದೆ?"

ಆ ಮಾತಿನಿಂದ ಕಂಪ್ಯೂಟರಿಗೆ ಸಮಾಧಾನವಾಗಿರಬಹುದು, ನನಗಾಗಲಿಲ್ಲ. ನವೆಂಬರಿನ ಮೊದಲ ವಾರದ ಹೊತ್ತಿಗೆ ಅಂಕ ೬,೮೯೦ಕ್ಕೆ ಬಂದು ನಿಂತಿತು. ಏಳು ಸಾವಿರ ದಾಟಿಸಬೇಕೆಂದು ನಾನು ಮಾಡಿದ ಯಾವ ಉಪಾಯಕ್ಕೂ ಅಲ್ಲಿಂದ ಕದಲಲಿಲ್ಲ. ಬಿಸಿ ಏರಿದೊಡನೆ ಕಾರ್ಡಿನ ಚಿಪ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತಿತ್ತು. ಕಣಿವೆಯ ಕೊನೆಯಲ್ಲಿ ತೊರೆ ತಿರುಗುವ ಜಾಗದಲ್ಲಿ ಪ್ರತಿ ಸಲವೂ ದೃಶ್ಯ ಒಮ್ಮೆ ಮುಗ್ಗರಿಸುತ್ತಿತ್ತು.

ಇಲ್ಲಿ ನನ್ನ ಭಾವನವರು, ಎಂದರೆ ಸರಳಾಳ ಅಣ್ಣ ನಂಜುಂಡಯ್ಯನವರು, ಬರಬೇಕು. ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೈದು ವರ್ಷ ದುಡಿದವರು. ಉಕ್ಕಿನ ಮೇಲ್ಮೈಯನ್ನು ಕೈಯಿಂದ ಉಜ್ಜಿ ಉಜ್ಜಿ, ಯಂತ್ರಕ್ಕೂ ಸಾಧ್ಯವಾಗದಷ್ಟು ಸಮತಟ್ಟು ಮಾಡುವುದು ಅವರ ಕೆಲಸ. ಅದಕ್ಕೆ ಅವರು ಲ್ಯಾಪಿಂಗ್ ಎನ್ನುತ್ತಾರೆ. ಎರಡು ವರ್ಷದ ಕೆಳಗೆ ಅವರ ಬಲಗೈ ಬೆರಳುಗಳಲ್ಲಿ ಸಣ್ಣ ನಡುಕ ಕಾಣಿಸಿತು. ಕಾರ್ಖಾನೆಯವರು ಗೌರವದಿಂದಲೇ ಅವರನ್ನು ಉಗ್ರಾಣಕ್ಕೆ ಹಾಕಿದರು. ಏಪ್ರಿಲ್ ಕೊನೆಗೆ ಅವರ ನಿವೃತ್ತಿ. ಪೀಣ್ಯದಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ ಹಳೆಯ ಸಹೋದ್ಯೋಗಿ ಸಿದ್ದರಾಜು, ನಿವೃತ್ತಿಯ ನಂತರ ತಮ್ಮಲ್ಲಿ ಬಂದು ಹೊಸಬರಿಗೆ ಈ ವಿದ್ಯೆ ಕಲಿಸಿರೆಂದು ಕೇಳಿಕೊಂಡಿದ್ದರು. ಭಾವ ಹೂಂ ಎಂದೂ ಹೇಳಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ.

"ನಡುಗೋ ಕೈಯಿಟ್ಕೊಂಡು ಏನಂತ ಕಲಿಸ್ಲಿ?" ಎಂದು ಸರಳಾಳ ಮುಂದೆ ಒಮ್ಮೆ ಅಂದಿದ್ದರಂತೆ.

ಜನವರಿಯ ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದಾಗ ನಾನು ಕಾರ್ಡನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದೆ. ಚಿಪ್ಪಿನ ಬಿಸಿ ಹೀರುವ ತಾಮ್ರದ ತಳದ ಕೂಲರನ್ನು ಭಾವ ಎತ್ತಿಕೊಂಡು, ಜೇಬಿನಿಂದ ಒಂದು ಉಕ್ಕಿನ ಅಳತೆಪಟ್ಟಿ ತೆಗೆದು, ಅದರ ಅಂಚನ್ನು ತಾಮ್ರದ ಮೇಲೆ ನಿಲ್ಲಿಸಿ, ಕಿಟಕಿಗೆ ಹಿಡಿದರು.

"ಬನ್ನಿ ಮೇಷ್ಟ್ರೇ, ನೋಡಿ. ಬೆಳಕು ಕಾಣುತ್ತಾ?"

ಅಳತೆಪಟ್ಟಿಯ ಕೆಳಗೆ, ನಡುವಿನಲ್ಲಿ, ಕೂದಲೆಳೆಗಿಂತ ಸಣ್ಣದಾದ ಒಂದು ಬೆಳ್ಳಿಗೆರೆ ಹೊಳೆಯಿತು.

"ಹಳ್ಳ ಬಿದ್ದಿದೆ. ಚಿಪ್ಪಿಗೆ ಇದು ಪೂರ್ತಿ ಮುಟ್ಟೋದೇ ಇಲ್ಲ. ನೀವು ಎಷ್ಟು ಫ್ಯಾನ್ ಹಾಕಿದ್ರೇನು?"

ಆ ಬೆಳ್ಳಿಗೆರೆ ನನ್ನನ್ನು ನೇರವಾಗಿ ಮಾಲೂರಿನ ಪ್ರಾಥಮಿಕ ಶಾಲೆಗೆ ಒಯ್ದಿತು. ಅಲ್ಲಿ ಶನಿವಾರಗಳಂದು ಕಪ್ಪುಹಲಗೆಗೆ ಬಣ್ಣ ಹಚ್ಚುವ ಸರದಿ ನಮ್ಮದು. ಹಳೆಯ ಬ್ಯಾಟರಿ ಸೆಲ್ಲುಗಳನ್ನು ಒಡೆದು ಒಳಗಿನ ಮಸಿ ತೆಗೆದು, ಕಾಲುವೆ ಬದಿಯ ಗರಗದ ಸೊಪ್ಪಿನೊಡನೆ ಅರೆದು, ಬಟ್ಟೆಯುಂಡೆಯಿಂದ ಹಲಗೆಗೆ ಬಳಿಯುತ್ತಿದ್ದೆವು. ಮೊಣಕೈವರೆಗೆ ಕಪ್ಪು, ಹಸಿರು ವಾಸನೆ. ಬಳಿದು ಮುಗಿದ ಮೇಲೆ ಮೇಷ್ಟರು ಹಲಗೆಯ ಎದುರು ನಿಲ್ಲುತ್ತಿರಲಿಲ್ಲ. ಗೋಡೆಗೆ ಕೆನ್ನೆಯೊತ್ತಿ, ಪಕ್ಕದಿಂದ, ಕಿಟಕಿಯ ಬೆಳಕು ಹಲಗೆಯ ಮೇಲೆ ಹರಿಯುವುದನ್ನು ನೋಡುತ್ತಿದ್ದರು. ಎಲ್ಲಿ ಹೊಳೆಯುತ್ತದೋ ಅಲ್ಲಿ ತಪ್ಪು. ಎದುರಿನಿಂದ ಕಾಣದ ತಪ್ಪು ಪಕ್ಕದಿಂದ ಕಾಣುತ್ತದೆಂದು ಅವರು ಹೇಳಿದ್ದನ್ನು ನಾನು ನಲವತ್ತು ವರ್ಷ ಮರೆತೇಬಿಟ್ಟಿದ್ದೆ.

"ಸರಿಮಾಡೋಕಾಗುತ್ತಾ ಭಾವ?" ಎಂದೆ.

ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. "ಆಗೋದೇನೋ ಆಗುತ್ತೆ. ಯಾರ ಕೈಲಿ ಅನ್ನೋದು ಪ್ರಶ್ನೆ."

ಮುಂದಿನ ಭಾನುವಾರ ಹೂಡಿಯಿಂದ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಪೀಣ್ಯದಲ್ಲಿಳಿದು ಇಬ್ಬರೂ ಸಿದ್ದರಾಜುವಿನ ವರ್ಕ್‌ಶಾಪಿಗೆ ಹೋದೆವು. ನಡುವೆ ಒಂದು ಕಪ್ಪು ಗ್ರಾನೈಟ್ ಕಲ್ಲು; ಮೇಜಿನಷ್ಟು ಅಗಲ, ನಿಂತ ನೀರಿನಷ್ಟು ಸಮ. ಸಿದ್ದರಾಜು ಚಹಾ ತಂದುಕೊಟ್ಟರು. ಭಾವನ ಕೈಯಲ್ಲಿ ಲೋಟ ಸಣ್ಣಗೆ ಕಟಕಟಿಸಿತು; ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕೆಲಸಕ್ಕೆ ಮೊದಲು ಭಾವ ನನಗೊಂದು ವಿಸ್ಮಯ ತೋರಿಸಿದರು. ಬೆರಳುದ್ದದ ಎರಡು ಉಕ್ಕಿನ ತುಂಡುಗಳನ್ನು ಒರೆಸಿ, ಒಂದರ ಮೇಲೊಂದನ್ನು ಜಾರಿಸಿ ಕೂಡಿಸಿ, ಮೇಲಿನದನ್ನು ಮಾತ್ರ ಹಿಡಿದೆತ್ತಿದರು. ಕೆಳಗಿನದು ಬೀಳಲಿಲ್ಲ. ಅಂಟಿಲ್ಲ, ಅಯಸ್ಕಾಂತವಿಲ್ಲ.

"ಎಳೀರಿ."

ಎಳೆದೆ. ಬರಲಿಲ್ಲ.

"ಎರಡೂ ಅಷ್ಟು ನೈಸು. ನಡುವೆ ಗಾಳಿಗೂ ಜಾಗ ಇಲ್ಲ. ಮೂವತ್ತೈದು ವರ್ಷ ಆಯ್ತು, ನನಗೆ ಇವತ್ತಿಗೂ ಇದು ಹೆಂಗೆ ಅಂತ ಆಶ್ಚರ್ಯಾನೇ."

ನಾನು ಕಣಿವೆಯ ಮುಂದೆ ಕುರ್ಚಿಯಿಂದ ಅರ್ಧ ಎದ್ದಂತೆಯೇ ಆ ಎರಡು ತುಂಡು ಉಕ್ಕಿನ ಮುಂದೆಯೂ ಬಾಯಿ ತೆರೆದು ನಿಂತಿದ್ದೆ.

ಆಮೇಲೆ ಅವರು ಗ್ರಾನೈಟಿನ ಮೇಲೆ ನಯವಾದ ಉಪ್ಪುಕಾಗದ ಹಾಸಿ, ಸೀಮೆಎಣ್ಣೆ ಚಿಮುಕಿಸಿ, ಕೂಲರಿನ ತಾಮ್ರದ ತಳವನ್ನು ಅದರ ಮೇಲಿಟ್ಟು, ಮೂರು ಬೆರಳಿನಿಂದ ಒತ್ತಿ, ಎಂಟರ ಆಕಾರದಲ್ಲಿ ಉಜ್ಜತೊಡಗಿದರು. ನಾನು ಬೆರಳುಗಳನ್ನೇ ನೋಡುತ್ತಿದ್ದೆ. ಲೋಹ ಮುಟ್ಟಿದೊಡನೆ ಆ ಬೆರಳುಗಳು ನಿಂತವು. ಅಥವಾ ನಿಂತಂತೆ ನನಗೆ ಕಂಡವು, ಖಚಿತವಾಗಿ ಹೇಳಲಾರೆ. ಎರಡು ಗಂಟೆಯ ಕೊನೆಗೆ, ಎಲ್ಲೆಲ್ಲಿ ತಾಗುತ್ತದೆಂದು ನೋಡಲು ಬರಿಗಲ್ಲಿಗೆ ನೀಲಿ ಬಣ್ಣ ಸವರಿ, ತಳವನ್ನು ಅದಕ್ಕೆ ತಾಗಿಸಿ ತಿರುಗಿಸಿದಾಗ, ತಾಮ್ರದ ಮೈತುಂಬ ಒಂದೇ ಸಮನೆ ನೀಲಿ ಹತ್ತಿತ್ತು.

"ಸಕ್ಕತ್ತಾಗಿದೆ ನಂಜುಂಡಣ್ಣ," ಎಂದರು ಸಿದ್ದರಾಜು.

"ನೀನು ಹಂಗೇ ಅನ್ತೀಯ ಬಿಡು. ನಿನಗೆ ಆಳು ಬೇಕು," ಎಂದರು ಭಾವ.

ಮಾರನೆಯ ಬೆಳಿಗ್ಗೆ ಕೂಲರನ್ನು ಜೋಡಿಸಿ, ಕಿಟಕಿ ತೆರೆದಿಟ್ಟು, ಪರೀಕ್ಷೆ ಓಡಿಸಿದೆ. ತೊರೆ ತಿರುಗುವ ಜಾಗದಲ್ಲಿ ಕಣಿವೆ ಮುಗ್ಗರಿಸಲಿಲ್ಲ. ನೀರು ನೀರಿನಂತೆಯೇ ತಿರುಗಿತು. ೭,೧೮೮. ನಾನು ಭಾವನಿಗೆ ಫೋನು ಮಾಡಿ ಅಂಕವನ್ನು ಎರಡು ಸಲ ಓದಿ ಹೇಳಿದೆ. ಅಂದು ಸಂಜೆ ಅವರು ಬಂದರು. ಸರಳಾ ಅವರೆಕಾಳಿನ ಉಪ್ಪಿಟ್ಟು ಮಾಡಿದ್ದಳು. ತಟ್ಟೆ ಕೈಯಲ್ಲಿ ಹಿಡಿದೇ ಭಾವ ಫೋನಿನಲ್ಲಿ ಸಿದ್ದರಾಜುವಿಗೆ ಮಾತು ಕೊಟ್ಟರು. ಮೇ ತಿಂಗಳಿನಿಂದ ಬರುತ್ತೇನೆ, ಕೈ ಇನ್ನೂ ಇದೆ, ಎಂದು. ನನ್ನ ಪುಸ್ತಕದಲ್ಲಿ ಆ ಸಾಲಿನ ಷರಾ: 'ಅತ್ಯುತ್ತಮ'. ನಾನು ಇಪ್ಪತ್ತನಾಲ್ಕು ವರ್ಷದಲ್ಲಿ ಯಾರಿಗೂ ಬರೆಯದ ಪದ.

ಮಾರ್ಚ್ ಬಂತು. ಯಾವುದೋ ಅನುವಾದದ ಸಂದೇಹ ಪರಿಹರಿಸಿಕೊಳ್ಳಲು ಮತ್ತೆ ಕಣಿವೆಯನ್ನು ಓಡಿಸಿದೆ. ತಿರುವಿನಲ್ಲಿ ಅದು ಮುಗ್ಗರಿಸಿತು. ೬,೯೨೧. ಇನ್ನೊಮ್ಮೆ ಓಡಿಸಿದೆ, ಎರಡು ಅಂಕ ಕಡಿಮೆಯೇ ಆಯಿತು. ನವೆಂಬರಿನ ಅಂಕಕ್ಕೂ ಇದಕ್ಕೂ ಮೂವತ್ತೊಂದರ ಅಂತರ. ಹಾಗಾದರೆ ಜನವರಿಯಲ್ಲಿ ಏರಿದ್ದು ಭಾವನ ಕೈಯಿಂದಲೋ, ಜನವರಿಯ ಚಳಿಯಿಂದಲೋ? ಪುಸ್ತಕ ತಿರುಗಿಸಿದೆ. ಕ್ರಮಸಂಖ್ಯೆಯಿಂದ ಷರಾದವರೆಗೆ ಎಲ್ಲವೂ ಇದ್ದ ಆ ಪುಸ್ತಕದಲ್ಲಿ ಕೋಣೆಯ ಉಷ್ಣತೆಯ ಕಾಲಂ ಇರಲಿಲ್ಲ. ಒಂದು ಪರೀಕ್ಷೆಗೆ ಒಂದೇ ಬದಲಾವಣೆಯೆಂದು ಬೀಗಿದವನು, ಋತುವೇ ಬದಲಾದದ್ದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಭಾವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತೈದಕ್ಕೆ ಪಾಸು ಎಂದಿದ್ದಾಗ ಮೂವತ್ತನಾಲ್ಕು ತೆಗೆದವನನ್ನು ಅಲ್ಲೇ ನಿಲ್ಲಿಸುತ್ತಿದ್ದವನು ನಾನು. ಆ ಮನುಷ್ಯ ಈಗ, ತನ್ನವರೆಂಬ ಕಾರಣಕ್ಕೆ, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದ.

"ಏನ್ರೀ, ಮೂರು ದಿನದಿಂದ ನಿಮ್ಮ ಕಣಿವೆ ಸುದ್ದೀನೇ ಇಲ್ಲ?" ಎಂದಳು ಸರಳಾ, ರವಿಕೆಗೆ ಕಾಜಾ ಹೊಲೆಯುತ್ತ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ದಾರದ ಕಡೆಗೇ ಕಣ್ಣಿಟ್ಟು ಎಲ್ಲರ ಮುಖವನ್ನೂ ಓದುತ್ತಾಳೆ.

ಹೇಳಿದೆ.

"ಅಂದ್ರೆ ನಮ್ಮಣ್ಣಂಗೆ ಗ್ರೇಸ್ ಮಾರ್ಕ್ಸ್ ಕೊಡ್ತಾ ಇದೀರಿ."

"ಹಾಗಲ್ಲ ಸರಳಾ..."

"ಹಾಗೇನೇ. ನಾಳೆ ಅಲ್ಲಿ ಹತ್ತು ಜನರ ಮುಂದೆ ಅವನ ಕೈ ತಪ್ಪಿದ್ರೆ, ಆವಾಗ ನೀವು ಹೋಗಿ ನಿಂತ್ಕೋತೀರಾ?"

ಫೋನು ಮಾಡಿ ಕರೆಸಿದೆ. ಭಾವ ಪೂರ್ತಿ ಕೇಳಿಸಿಕೊಂಡರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಆವತ್ತು ರೂಮಿನ ಟೆಂಪರೇಚರ್ ಎಷ್ಟಿತ್ತು?"

"ಬರೆದಿಲ್ಲ."

"ಬರೆದಿಲ್ವಾ!" ಅವರಿಗೆ ನಗುವೇ ಬಂತು. "ಮೇಷ್ಟ್ರೇ, ನಮ್ಮಲ್ಲಿ ಇಪ್ಪತ್ತು ಡಿಗ್ರಿ ರೂಮಲ್ಲಿ ಪೀಸು ಇಟ್ಟು, ಅದು ತಣಿಯೋವರೆಗೂ ಅಳತೆಗೇ ಮುಟ್ಟಲ್ಲ. ಉಕ್ಕೂ ಬಿಸಿಗೆ ಬೆಳೆಯುತ್ತೆ. ಮೂರರಲ್ಲಿ ಒಳ್ಳೇದನ್ನ ಬರ್ಕೋತೀನಿ ಅಂದ್ರಲ್ಲ, ಅದೊಂದು. ಮೂರು ಸಲಾನೂ ಒಂದೇ ತೋರಿಸ್ದೇ ಇದ್ರೆ ನಾವು ಆ ಪೀಸನ್ನ ಪಕ್ಕಕ್ಕೆ ಹಾಕ್ತೀವಿ."

ನಗು ಅಲ್ಲಿಗೆ ನಿಂತಿತು. ಅವರು ಅಂಗೈಯನ್ನು ಮಂಡಿಯ ಮೇಲೆ ಕವಿಚಿಕೊಂಡರು.

"ಸಿದ್ದರಾಜುಗೆ ಮಾತು ಕೊಟ್ಬಿಟ್ಟಿದೀನಲ್ಲ."

"ನೀಲಿ ಚೆನ್ನಾಗಿ ಹತ್ತಿತ್ತಲ್ಲ ಭಾವ, ನಾನೇ ನೋಡಿದೆ."

"ನೀಲಿ ಸವರಿದ್ದು ನಾನು, ನೋಡಿದ್ದು ನಾನು. ಮಾಡಿದವನೇ ತಪಾಸಣೆ ಮಾಡೋ ಹಾಗಿಲ್ಲ. ಸಿದ್ದರಾಜು ಚೆನ್ನಾಗಿದೆ ಅನ್ತಾನೆ, ನೀವೂ ಅನ್ತೀರಿ. ಉಗ್ರಾಣಕ್ಕೆ ಹಾಕಿದೋರ ಹತ್ರ ಹೋಗಿ ತೋರಿಸೋಕೆ ನನಗೆ ಮನಸ್ಸಿಲ್ಲ." ಅವರು ಮೇಜಿನ ಕೆಳಗಿನ ಕಪ್ಪು ಪೆಟ್ಟಿಗೆಯ ಕಡೆಗೆ ಗದ್ದ ತಿರುಗಿಸಿದರು. "ಅದಕ್ಕೆ ನಾನು ಯಾರು ಅಂತ ಗೊತ್ತಿಲ್ಲ. ಅದರ ಮಾತು ಬೇಕು. ಸರಿಯಾಗಿ ಕೇಳಿ."

ಸರಿಯಾಗಿ ಕೇಳುವುದು ಹೇಗೆಂದು ಆಗ ನನಗೆ ಹೊಳೆಯಿತು. ಹತ್ತನೆಯ ತರಗತಿಯ ಮೌಲ್ಯಮಾಪನಕ್ಕೆ ಎಷ್ಟೋ ವರ್ಷ ಹೋಗಿದ್ದವನು ನಾನು. ಅಲ್ಲಿ ಉತ್ತರ ಪತ್ರಿಕೆ ಯಾರದ್ದೆಂದು ತಿದ್ದುವವನಿಗೆ ತಿಳಿಯಬಾರದು. ನೋಂದಣಿ ಸಂಖ್ಯೆಯನ್ನು ಮರೆಮಾಡಿ, ಗುಟ್ಟಿನ ಸಂಖ್ಯೆ ಹಾಕಿ ಕೊಡುತ್ತಾರೆ. ಕೂಲರುಗಳಿಗೂ ಹಾಗೆಯೇ ಮಾಡಿದರಾಯಿತು. ಹಳೆಯ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರಸ್ತೆಗೆ ಹೋಗಿ, ನನ್ನದೇ ಮಾದರಿಯ ಕೆಟ್ಟುಹೋದ ಕಾರ್ಡೊಂದನ್ನು ಹುಡುಕಿ, ಅದರ ಕೂಲರನ್ನು ತಂದೆ. ಒಂದು ಭಾವ ಉಜ್ಜಿದ್ದು, ಇನ್ನೊಂದು ಯಾರೂ ಮುಟ್ಟದ್ದು. ಅಳತೆಪಟ್ಟಿ ಹಿಡಿದರೆ ಅದರ ಕೆಳಗೂ ಅದೇ ಬೆಳ್ಳಿಗೆರೆ. ಸಿದ್ದರಾಜುವಿಗೆ ಭಾವ ಒಂದಿಷ್ಟು ದಿನ ಸಮಯ ಕೇಳಿದರು, ಕಾರಣ ಹೇಳಲಿಲ್ಲ.

ಬೆಂಗಳೂರು ಹಿಂದೆಂದೂ ಕಾಣದಂತೆ ಕಾದ ಏಪ್ರಿಲ್ ಅದು. ಪರೀಕ್ಷೆಯ ದಿನ ಕಿಟಕಿ ಮುಚ್ಚಿ, ತಲೆಯ ಮೇಲಿನ ಫ್ಯಾನು ನಿಲ್ಲಿಸಿ, ಉಷ್ಣಮಾಪಕವನ್ನು ಕಂಪ್ಯೂಟರಿನ ಪಕ್ಕಕ್ಕೆ ತೂಗುಹಾಕಿದೆ. ಮೂವತ್ತನಾಲ್ಕು ಡಿಗ್ರಿ ಇದ್ದರೆ ಮಾತ್ರ ಪರೀಕ್ಷೆ. ಏರಿದರೆ ಬಾಗಿಲು ತೆರೆದು ಕಾಯುವುದು. ಜೋಡಿಸುವ ಕೆಲಸ ಸರಳಾಳದು. ನಾನು ಬಿಚ್ಚಿ ಜೋಡಿಸುವುದನ್ನು ಇಪ್ಪತ್ತು ಸಲ ನೋಡಿದ್ದಳು, ನಂಬಬಹುದಾದ ಬೆರಳುಗಳಂತೂ ಅವಳವೇ. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಚೀಟಿ. ಎರಡರಲ್ಲಿ ಉಜ್ಜಿದ್ದು, ಎರಡರಲ್ಲಿ ಉಜ್ಜದ್ದು. ಒಂದೊಂದು ಸುತ್ತಿಗೆ ಒಂದು ಚೀಟಿ ಎತ್ತಿ, ಅದರಂತೆ ಕೂಲರ್ ಕೂರಿಸಿ, ಚೀಟಿಯನ್ನು ಲಕೋಟೆಗೆ ಹಾಕಿ ಅಂಟಿಸಿ, ಕಾರ್ಡನ್ನು ಹೊರಗೆ ನನಗೆ ಕೊಡುವುದು. ಚಿಪ್ಪಿಗೂ ತಾಮ್ರಕ್ಕೂ ನಡುವೆ ಹಚ್ಚುವ ಬಿಳಿ ಲೇಪ ಪ್ರತಿ ಸಲವೂ ಒಂದು ತೊಗರಿಕಾಳಿನಷ್ಟೇ.

"ಪರೀಕ್ಷಾ ಮುಖ್ಯಸ್ಥರು ಒಳಗೆ ಇದಾರೆ, ಯಾರೂ ಬರ್ಬೇಡಿ," ಎಂದು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಮತ್ತೆ ಧ್ವನಿ: "ಅಣ್ಣ, ನೀನು ಬಾಲ್ಕನಿಗೆ ಹೋಗು. ಬಾಗಿಲ ಸಂದೀಲಿ ನಿನ್ನ ಕಾಲು ಕಾಣ್ತಿದೆ."

ಭಾವ ಬಾಲ್ಕನಿಗೆ ಹೋದರು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದದ್ದು ನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ. ನಾನು ಅಂಕಗಳನ್ನು ಬರೆಯುತ್ತ ಹೋದೆ, ಷರಾದ ಕಾಲಂ ಖಾಲಿ ಬಿಟ್ಟು: ೬,೬೪೪. ೬,೯೦೨. ೬,೭೧೮. ೬,೯೦೫. ಏಳು ಸಾವಿರವನ್ನು ಯಾವುದೂ ಮುಟ್ಟಿರಲಿಲ್ಲ. ಆ ದಿನ ನನಗೆ ಅದರ ನೆನಪೂ ಇರಲಿಲ್ಲ. ಎರಡು ಮೇಲೆ, ಎರಡು ಕೆಳಗೆ. ಯಾವುದು ಯಾವುದೆಂದು ಲಕೋಟೆಗಳಿಗೆ ಮಾತ್ರ ಗೊತ್ತು. ಮೇಲಿನೆರಡು ಯಾರೂ ಮುಟ್ಟದ ಕೂಲರಿನದಾಗಿದ್ದರೆ, ಬಾಲ್ಕನಿಯಲ್ಲಿ ಕಬ್ಬಿಣದ ಸರಳು ಹಿಡಿದು ನಿಂತಿದ್ದ ಮನುಷ್ಯನಿಗೆ ಏನು ಹೇಳುವುದು? ಕೊನೆಯ ಸುತ್ತಿನಲ್ಲಿ ಎಲೆ ಉದುರುವಾಗ ನಾನು ನೀರನ್ನು ನೋಡಲಿಲ್ಲ, ಅವರ ಬೆನ್ನನ್ನು ನೋಡುತ್ತಿದ್ದೆ.

ಸರಳಾ ಒಂದೊಂದೇ ಲಕೋಟೆ ಹರಿದು ಓದಿದಳು.

"ಒಂದನೇದು, ಉಜ್ಜದ್ದು. ಎರಡನೇದು..." ಚೀಟಿಯನ್ನು ಬೆಳಕಿಗೆ ಹಿಡಿದಳು. "ಎರಡನೇದು ಅಣ್ಣಂದು. ಮೂರನೇದು ಉಜ್ಜದ್ದು. ನಾಲ್ಕನೇದು ಅಣ್ಣಂದು."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಭಾವ! ಕಡಿಮೆ ಅಂದ್ರೂ ನೂರ ಎಂಬತ್ತನಾಲ್ಕು ಅಂಕ ಜಾಸ್ತಿ! ಸರಾಸರಿ ತೆಗೆದರೆ..."

"ಅದಿರಲಿ," ಎಂದರು ಭಾವ. "ನನ್ನವು ಎರಡಕ್ಕೂ ನಡುವೆ ಎಷ್ಟು ವ್ಯತ್ಯಾಸ?"

ನೋಡಿದೆ. "ಮೂರು."

"ಇನ್ನೊಂದರದು?"

"ಎಪ್ಪತ್ತನಾಲ್ಕು."

ಅವರು ಪುಸ್ತಕವನ್ನು ತಾವೇ ತೆಗೆದುಕೊಂಡು, ೬,೯೦೨ರ ಮೇಲೂ ೬,೯೦೫ರ ಮೇಲೂ ಬೆರಳಿಟ್ಟು ನೋಡಿದರು. ಎತ್ತರವನ್ನೇ ನೋಡುತ್ತ ಬಂದಿದ್ದ ನಾನು ಅಂದು ಮೊದಲ ಸಲ ಅಂತರವನ್ನು ನೋಡಿದೆ. ಬಿಚ್ಚಿ, ಒರೆಸಿ, ಮತ್ತೆ ಲೇಪಿಸಿ, ಬೇರೊಬ್ಬರ ಕೈಯಲ್ಲಿ ಕೂರಿಸಿದರೂ, ಬೇಗೆಯಲ್ಲೂ, ಆ ತಾಮ್ರ ಎರಡು ಸಲವೂ ಒಂದೇ ಮಾತು ಹೇಳಿತ್ತು. ಕೂದಲೆಳೆಯ ಎಷ್ಟನೆಯ ಪಾಲೋ ತಿಳಿಯದಷ್ಟನ್ನು ಮೂರು ಬೆರಳು ಪೀಣ್ಯದಲ್ಲಿ ಒಂದು ಭಾನುವಾರ ತೆಗೆದುಹಾಕಿದ್ದವು. ಅದರಿಂದ ಮಾರನೆಯ ಬೆಳಿಗ್ಗೆ ಹೂಡಿಯಲ್ಲಿ, ಎಲ್ಲೂ ಇಲ್ಲದ ಒಂದು ಕಣಿವೆಯ ನೀರು ತಡೆಯಿಲ್ಲದೆ ತಿರುಗಿತ್ತು.

ಭಾವ ಫೋನು ತೆಗೆದರು.

"ಸಿದ್ದರಾಜು, ನಂಜುಂಡಯ್ಯ. ಮೇ ಒಂದು ರಜಾ ಅಲ್ವಾ? ಎರಡಕ್ಕೆ ಬರ್ತೀನಿ. ಹಾಂ, ಕಲಿಸೋಕೇನೇ. ಎಲ್ರಿಗೂ ಉಗುರು ಕತ್ತರಿಸ್ಕೊಂಡು ಬರೋಕೆ ಹೇಳು."

ಖಾಲಿ ಬಿಟ್ಟಿದ್ದ ಷರಾದ ಕಾಲಮಿನಲ್ಲಿ ನಾನು ಯಾವ ವಿಶೇಷಣವನ್ನೂ ಬರೆಯಲಿಲ್ಲ. 'ಇತ್ಯರ್ಥವಾಯಿತು' ಎಂದಷ್ಟೇ ಬರೆದು, ಎದುರಿಗೆ ದಿನಾಂಕ ಹಾಕಿದೆ: ಭಾನುವಾರ, ೨೧ನೆಯ ಏಪ್ರಿಲ್ ೨೦೨೪, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಕೋಣೆಯ ಉಷ್ಣತೆ ಮೂವತ್ತನಾಲ್ಕು ಡಿಗ್ರಿ.